ರಂಗಸ್ವಾಮಿಯವರ ಎಂಜಿನ್, ರಂಗಸ್ವಾಮಿಯವರ ಕಿವಿ

ಚಿತ್ರದುರ್ಗ ಜಿಲ್ಲೆಯಲ್ಲಿ ಆಟೊಮೊಬೈಲ್ ವಿದ್ಯೆಯನ್ನು ಕಪ್ಪುಹಲಗೆಯಿಂದ ಇಳಿಸಿ ವಿದ್ಯಾರ್ಥಿಗಳ ಕೈಗೆ ಕೊಟ್ಟವರು ಯಾರೆಂದು ಹೊಸದುರ್ಗದಿಂದ ಹಿರಿಯೂರಿನವರೆಗೆ ಯಾವ ಗ್ಯಾರೇಜಿನ ಮುಂದೆ ನಿಂತು ಕೇಳಿದರೂ, ಮೊದಲು ಬರುವ ಹೆಸರು ಬಾಗೂರಿನ ಶ್ರೀ ಜಿ. ರಂಗಸ್ವಾಮಿಯವರದು. ಅಂಥವರು ನಮ್ಮ ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ವಿಭಾಗದ ಮುಖ್ಯಸ್ಥರ ಹುದ್ದೆಯಿಂದ ಈಗ ನಿವೃತ್ತರಾಗುತ್ತಿದ್ದಾರೆ. ಅಭಿನಂದನ ಸಮಿತಿಯವರು ನನ್ನಲ್ಲಿಗೆ ಬಂದು, "ಮೇಡಂ, ಸಾರ್ ಕಟ್ಟಿದ ಟರ್ಬೊ ಎಂಜಿನ್ ಬಗ್ಗೆ ನೀವೇ ಬರೀರಿ. ಸ್ವಲ್ಪ ಸಿಹಿಯಾಗಿರ್ಲಿ" ಎಂದರು. ಸಿಹಿ ಬೇಕಿದ್ದರೆ ಪೇಟೆಯಲ್ಲಿ ಬೇಕರಿಗಳಿವೆ. ಈ ಯಶೋದಾಳ ಬಾಯಿ ಎಂಥದೆಂದು ಗೊತ್ತಿದ್ದೂ ಕೇಳಿದ್ದಾರೆ, ಅನುಭವಿಸಲಿ. ಹೊಗಳಬೇಕಾದುದನ್ನು ಮನಸಾರೆ ಹೊಗಳುತ್ತೇನೆ. ಆದರೆ ಆ ಎಂಜಿನ್ ಕೊಟ್ಟದ್ದನ್ನು ಬರೆದು, ಕಿತ್ತುಕೊಂಡದ್ದನ್ನು ಮುಚ್ಚಿಡುವುದು ನನ್ನಿಂದಾಗದು. ಅದು ಅವರ ಕಿವಿಯನ್ನು ಕಿತ್ತುಕೊಂಡಿತು.

ಆ ಕಿವಿ ಎಂಥದೆಂದು ಮೊದಲು ಹೇಳಬೇಕು. ಅವರ ತಂದೆ ಗೊಲ್ಲಪ್ಪನವರು ಕುರಿ ಸಾಕಿ ಬಾಳಿದವರು. ಸಂಜೆ ಮಂದೆ ರೊಪ್ಪ ಸೇರುವಾಗ ಬೇಲಿಯ ಹೊರಗೆ ಕಣ್ಣುಮುಚ್ಚಿ ನಿಂತು, ಅರಚುತ್ತಿರುವ ಮರಿ ಯಾವ ತಾಯಿಯದು, ಕೆಮ್ಮಿದ ಕುರಿ ಯಾವುದು ಎಂದು ಸದ್ದಿನಿಂದಲೇ ಹೇಳುತ್ತಿದ್ದರಂತೆ. ಹೊಲ ಪಾಲಾಯಿತು, ಮಂದೆ ಪಾಲಾಯಿತು. ಕಿವಿ ಮಾತ್ರ ಪೂರ್ತಿಯಾಗಿ ಹಿರಿಯ ಮಗನಿಗೇ ಬಂತು. ಬೋಧಕರಾಗಿ ಸೇರಿದ ಹೊಸತರಲ್ಲಿ, ಗೇಟು ದಾಟಿ ಬರುತ್ತಿದ್ದ ಪ್ರಾಂಶುಪಾಲರ ಜೀಪನ್ನು ತಿರುಗಿಯೂ ನೋಡದೆ, "ಮೂರನೇ ಸಿಲಿಂಡರ್ ಕೈ ಕೊಡ್ತೈತೆ" ಎಂದು ಪಾಠ ಮುಂದುವರಿಸಿದರು ಎಂಬ ಕಥೆ ಇಂದಿಗೂ ಸ್ಟಾಫ್ ರೂಮಿನಲ್ಲಿದೆ. ಆ ವಾರವೇ ಜೀಪು ನಡುದಾರಿಯಲ್ಲಿ ನಿಂತಿತು.

ನಾನು ಹೊಳಲ್ಕೆರೆಯಿಂದ ಲೋಹಶಾಸ್ತ್ರ ಕಲಿಸಲು ಬಂದಾಗ ಆ ವರ್ಕ್‌ಶಾಪಿಗೆ ಕಾಲಿಟ್ಟ ಮೊದಲ ಹೆಣ್ಣುಮಗಳು. ನನ್ನನ್ನು ಎಲ್ಲಿ ಕೂರಿಸಬೇಕೆಂಬುದೇ ಗಂಡಸರಿಗೆ ದೊಡ್ಡ ಸಮಸ್ಯೆಯಾಗಿ, ಒಬ್ಬರು ಲೈಬ್ರರಿ ಎಂದರೆ ಇನ್ನೊಬ್ಬರು ಆಫೀಸು ಎಂದರು. ರಂಗಸ್ವಾಮಿಯವರು ಒಡೆದ ಪಿಸ್ಟನ್ ಒಂದನ್ನು ತಂದು ನನ್ನ ಕೈಗಿಟ್ಟು, "ಇದು ಯಾಕೆ ಒಡೀತು ಅಂತ ನಾನು ಹೇಳಿದ್ರೆ ಊಹೆ ಆಗ್ತೈತೆ, ನೀವು ಹೇಳಿದ್ರೆ ವಿದ್ಯೆ ಆಗ್ತೈತೆ. ಬರ್ರಿ, ಕುಂತ್ಕಳ್ರಿ" ಎಂದು ತಮ್ಮ ಮೇಜಿನ ಅರ್ಧವನ್ನು ಖಾಲಿ ಮಾಡಿಕೊಟ್ಟರು. ಅಂದಿನಿಂದ ನನ್ನ ಜಾಗದ ಬಗ್ಗೆ ಯಾರೂ ಚಕಾರವೆತ್ತಲಿಲ್ಲ. ಆ ಉಪಕಾರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಆಮೇಲೆ ಅವರಿಗೆ ಹಿಡಿದದ್ದು ಸ್ಪೋರ್ಟ್ಸ್ ಕಾರಿನ ಹುಚ್ಚು. ಎಲ್ಲರೂ ನಕ್ಕರು. ಊರ ರಸ್ತೆಯಲ್ಲಿ ಎತ್ತಿನ ಗಾಡಿ ಹೋದರೇ ಅಚ್ಚು ಮುರಿಯುತ್ತದೆ, ಇಲ್ಲಿ ಇವರಿಗೆ ರೇಸ್ ಕಾರಂತೆ! ಅವರ ಉತ್ತರ ಒಂದೇ: "ನಮ್ಮ ಹುಡುಗ್ರು ಬರೀ ಆಯಿಲ್ ಬದಲಾಯ್ಸಾಕೆ ಹುಟ್ಟ್ಯಾರೇನ್ರಿ?" ಹಿರಿಯೂರಿನ ಹೆದ್ದಾರಿ ಪಕ್ಕದ ಗುಜರಿಯಿಂದ ಹಳೆಯ ಪೆಟ್ರೋಲ್ ಎಂಜಿನ್ ಒಂದನ್ನು ತಂದು, ಅದರ ಪಿಸ್ಟನ್, ಕನೆಕ್ಟಿಂಗ್ ರಾಡ್, ವಾಲ್ವುಗಳನ್ನೆಲ್ಲ ಬದಲಿಸಿ, ಅದಕ್ಕೊಂದು ಟರ್ಬೊ ಕೂರಿಸುವ ಕೆಲಸ ಶುರುವಾಯಿತು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದರ ಜೊತೆಗೇ ತಿರುಗುವ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದಷ್ಟು ಬಲ ಹೆಚ್ಚು. ನಾನು ಇದನ್ನು ಬೋರ್ಡಿನ ತುಂಬ ಚಿತ್ರ ಬರೆದು ವಿವರಿಸುತ್ತಿದ್ದೆ. ಅವರು ಹೇಳುತ್ತಿದ್ದುದು ಇಷ್ಟೇ: "ಕುರಿ ಹಿಕ್ಕೆ ಹೊಲಕ್ಕೆ ಬಿದ್ರೆ ಬೆಳೆ. ಬೆಳೆ ಬಂದ್ರೆ ಕುರಿಗೆ ಮೇವು. ಟರ್ಬೊ ಅಂದ್ರೆ ಅಷ್ಟೇಯ."

ಆದರೆ ಬಲಕ್ಕೊಂದು ಮಿತಿಯಿದೆ. ಗಾಳಿ ಮಿತಿ ಮೀರಿದರೆ ಪೆಟ್ರೋಲು ಕ್ರಮವಾಗಿ ಉರಿಯುವ ಬದಲು ಒಳಗೇ ಸಿಡಿಯುತ್ತದೆ. ನಾವು ಅದನ್ನು ನಾಕಿಂಗ್ ಎನ್ನುತ್ತೇವೆ. ಅದನ್ನು ಕೂಡಲೇ ಗುರುತಿಸದಿದ್ದರೆ ಪಿಸ್ಟನ್ ಕರಗಿಹೋಗುತ್ತದೆ. ತಗಡಿನ ಡಬ್ಬಿಯಲ್ಲಿ ಹುರುಳಿಕಾಳು ಅಲ್ಲಾಡಿಸಿದಂಥ ಸಣ್ಣ, ಚುರುಕಾದ ಸದ್ದು ಅದು. ಅದನ್ನು ಹಿಡಿಯಲು ಸೆನ್ಸರ್ ಹಾಕಿ ನೋಡಿದೆವು. ನಮ್ಮ ಹೊಸ ಪಿಸ್ಟನ್‌ಗಳು ಸಹಜವಾಗಿಯೇ ತುಸು ಬಡಿದುಕೊಳ್ಳುತ್ತಿದ್ದುದರಿಂದ ಅದು ಬೇಕಾದದ್ದಕ್ಕೂ ಬೇಡವಾದದ್ದಕ್ಕೂ ಒಂದೇ ಸಮ ಬೊಬ್ಬೆ ಹೊಡೆಯಿತು. ಆಗ ರಂಗಸ್ವಾಮಿಯವರು ಎಂಜಿನ್ನಿಗೆ ಒಂದು ತಾಮ್ರದ ಕೊಳವೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ತಮ್ಮ ಕಿವಿಗೆ ಇಟ್ಟುಕೊಂಡರು. ವಿದ್ಯಾರ್ಥಿಗಳಿಗೆಲ್ಲ ಕಿವಿಗವಸು ಹಾಕಿಸಿ ಎಂಜಿನ್ ಷೆಡ್ಡಿನ ಗಾಜಿನ ಗೋಡೆಯ ಆಚೆ ನಿಲ್ಲಿಸಿ, ತಾವೊಬ್ಬರೇ ಬರಿಗಿವಿಯಲ್ಲಿ ಆ ಅಬ್ಬರದ ಪಕ್ಕ ಕೂರುತ್ತಿದ್ದರು.

ಇಷ್ಟಾಗಿದ್ದರೂ ಬಚಾವಾಗುತ್ತಿದ್ದರೇನೋ. ಹಾಳು ಮಾಡಿದ್ದು ಅವರ ಒಳ್ಳೆಯತನ. ಎಂಜಿನ್ನಿನ ಸದ್ದಿಗೆ ಪಕ್ಕದ ತರಗತಿಗಳಲ್ಲಿ ಪಾಠ ಕೇಳುವುದಿಲ್ಲವೆಂದು ದೂರು ಬಂದಾಗ, ಇನ್ನೊಬ್ಬರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು. ಇವರು ಹೊಗೆ ಹೊರಹೋಗುವ ಕೊಳವೆಯನ್ನೂ ನಾವು ನಿಂತು ನೋಡುವ ದಪ್ಪ ಗಾಜನ್ನೂ ಬಿಟ್ಟು ಷೆಡ್ಡಿನ ಕಿಟಕಿಗಳಿಗೆಲ್ಲ ಇಟ್ಟಿಗೆ ಕಟ್ಟಿಸಿ, ಬಾಗಿಲಿಗೆ ದಪ್ಪ ಹಲಗೆ ಹೊಡೆಸಿ, ಸಂದುಗೊಂದುಗಳಿಗೆ ತಮ್ಮ ಊರಿನಿಂದ ತಂದ ಕರಿ ಕಂಬಳಿಗಳನ್ನು ಮಡಚಿ ತುರುಕಿದರು. ಅವರ ಮನೆತನದಲ್ಲಿ ಕಂಬಳಿ ಎಂದರೆ ದೇವರಿಗೆ ಹಾಸುವ ಗದ್ದುಗೆ. ಎಂಜಿನ್ ಕಟ್ಟಲು ಕೂತಾಗಲೆಲ್ಲ ಅದರ ಕೆಳಗೂ ಒಂದು ಕಂಬಳಿ ಹಾಸಿ ಕೈಮುಗಿಯುತ್ತಿದ್ದರು. ಹಾಗಾಗಿ ಕಂಬಳಿಯಿಂದ ಕೆಡುಕಾದೀತೆಂಬ ಯೋಚನೆ ಅವರಿಗೂ ಬರಲಿಲ್ಲ, ನಮಗೂ ಬರಲಿಲ್ಲ. ಹೊರಗೆ ಸದ್ದು ನಿಂತಿತು. ಎಲ್ಲರೂ ಶಹಬಾಸ್ ಎಂದರು. ಊರಿಗೆ ಹೋಗಬೇಕಾಗಿದ್ದ ಸದ್ದೆಲ್ಲ ಒಳಗೆ ಒಬ್ಬ ಮನುಷ್ಯನ ಮೇಲೆ ಬೀಳುತ್ತಿತ್ತು.

ಮೊದಲು ತಿಳಿದದ್ದು ಅವರ ಮಡದಿ ತಿಪ್ಪಮ್ಮನವರಿಗೆ. ಒಂದು ಮಧ್ಯಾಹ್ನ ಕಾಲೇಜಿಗೇ ಬಂದು ನನ್ನ ಪಕ್ಕ ಕೂತು, "ಅಕ್ಕಾ, ಮನ್ಯಾಗೆ ಎಷ್ಟು ಕರದ್ರೂ ಓ ಅನ್ನಲ್ಲ. ನನ್ನ ಮ್ಯಾಲೆ ಸಿಟ್ಟು ಮಾಡ್ಕಂಡಾರೆ ಅಂದ್ಕಂಡು ನಾನೂ ಮಾತು ಬಿಟ್ಟಿದ್ದೆ. ನಿನ್ನೆ ಹಾಲು ಉಕ್ಕಿ ಕುಕ್ಕರ್ ಕೂಗಿ ಕೂಗಿ ಹೊತ್ತಿ ಹೋತು, ಪಕ್ಕದಾಗೇ ಪೇಪರ್ ಓದ್ತಾ ಕುಂತಿದ್ರು. ಸಿಟ್ಟಲ್ಲ ಅದು" ಎಂದು ಕಣ್ಣೊರೆಸಿಕೊಂಡರು. ಸಿಟ್ಟಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗನ್ನಿಸಿತು.

ಚಿತ್ರದುರ್ಗದ ಕಿವಿ ವೈದ್ಯರಲ್ಲಿಗೆ ನಾವಿಬ್ಬರೂ ಅವರನ್ನು ಎಳೆದುಕೊಂಡು ಹೋದೆವು. ಸಣ್ಣ, ತೀಕ್ಷ್ಣವಾದ ಸದ್ದುಗಳು ಮೊದಲು ಹೋಗುತ್ತವೆ, ಅವು ಆಗಲೇ ಬಹುಪಾಲು ಹೋಗಿವೆ, ಹೋದದ್ದು ಮರಳುವುದಿಲ್ಲ. ಎಂಜಿನ್ ಬಿಟ್ಟರೆ ಉಳಿದದ್ದು ಉಳಿಯುತ್ತದೆ, ಬಿಡದಿದ್ದರೆ ಅದೂ ಹೋಗುತ್ತದೆ ಎಂದರು ವೈದ್ಯರು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಅವರ ಕಿವಿಯ ಹತ್ತಿರವೇ ಗದರಿದೆ: ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವುದು ನಿಮ್ಮಂಥವರಿಗೇ. ಅವರು ಕಿಟಕಿಯಾಚೆ ನೋಡುತ್ತಾ, "ಇನ್ನೊಂದೀಟು ಐತೆ ಮೇಡಂ. ಗಾಳಿ ಒತ್ತಡ ಇನ್ನೊಂಚೂರು ಏರ್ಸಿದ್ರೆ ಮುಗೀತು. ಈಗ ಬಿಟ್ರೆ ಹೋಗಿದ್ದೂ ದಂಡ ಆಗ್ತೈತೆ" ಎಂದರು. ಆಮೇಲೆ ಕಿವಿಗೆ ಕೇಳುವ ಯಂತ್ರ ಹಾಕಿಸಿಕೊಂಡರು. ಅದರಲ್ಲಿ ಗದ್ದಲ ಹೆಚ್ಚಾಯಿತೇ ಹೊರತು ಮಾತು ತಿಳಿಯಾಗಲಿಲ್ಲ.

ಒತ್ತಡ ಏರಿಸಿದ ದಿನ ನಾನೂ, ಅವರ ಶಿಷ್ಯೆಯಾಗಿ ಕಲಿತು ಅದೇ ವಿಭಾಗಕ್ಕೆ ಉಪನ್ಯಾಸಕಿಯಾಗಿ ಬಂದಿದ್ದ ಪಲ್ಲವಿಯೂ ಗಾಜಿನ ಆಚೆ ಇದ್ದೆವು. ಎಂಜಿನ್ ವೇಗಕ್ಕೆ ಏರಿತು. ಅಷ್ಟರಲ್ಲಿ ಡಬ್ಬಿಯ ಹುರುಳಿ ಸದ್ದು ಗಾಜು ದಾಟಿ, ಕಿವಿಗವಸು ದಾಟಿ ನಮಗೇ ಕೇಳಿತು. ರಂಗಸ್ವಾಮಿಯವರು ತಾಮ್ರದ ಕೊಳವೆಗೆ ಕಿವಿಗೊಟ್ಟು, ಮುಖದಲ್ಲಿ ನಗು ತುಂಬಿಕೊಂಡು, ಇನ್ನೂ ಏರಿಸಿ ಎಂದು ಕೈ ಎತ್ತುತ್ತಿದ್ದರು. ಪಲ್ಲವಿ ಸ್ವಿಚ್ಚಿಗೆ ಹಾರಿ ಎಂಜಿನ್ ನಿಲ್ಲಿಸುವಷ್ಟರಲ್ಲಿ ಷೆಡ್ಡಿನ ತುಂಬ ಹೊಗೆ. ಒಳಗೆ ಓಡಿದೆವು. ಅವರು ನಮ್ಮತ್ತ ತಿರುಗಿ, "ಯಾಕ್ ನಿಲ್ಸಿದ್ರಿ? ಚೆನ್ನಾಗಿತ್ತಲ್ಲ" ಎಂದರು.

ಅಯ್ಯೋ, ಆ ಮಾತನ್ನು ನಾನು ಹೇಗೆ ಮರೆಯಲಿ! ಅವರು ನಮ್ಮ ಮುಖಗಳನ್ನು ನೋಡಿದರು. "ಹುರುಳಿ ಬಂತಾ?" ಎಂದು ಮೆಲ್ಲಗೆ ಕೇಳಿದರು. ಪಲ್ಲವಿ ಹೌದೆಂದು ತಲೆಯಾಡಿಸಿದಳು. ಪಿಸ್ಟನ್ ಕರಗಿದ್ದನ್ನು ಬಿಚ್ಚಿ ನೋಡುವ ಮೊದಲೇ ಅವರು ತಾಮ್ರದ ಕೊಳವೆಯನ್ನು ಕಳಚಿ ನೆಲದ ಮೇಲಿಟ್ಟು, ಎಂಜಿನ್ನಿಗೆ ಹಾಸಿದ್ದ ಕಂಬಳಿಯ ಅಂಚಿನಲ್ಲೇ ಕೂತುಬಿಟ್ಟರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣಗಾದದ್ದನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಮಾರನೆಯ ದಿನ ಸಂದುಗಳ ಕಂಬಳಿಗಳನ್ನು ತಾವೇ ಕಿತ್ತರು, ಕಿಟಕಿಗಳ ಇಟ್ಟಿಗೆ ಒಡೆಸಿದರು. "ನನ್ನದು ಹೋತು, ಇನ್ನೊಬ್ರುದ್ದು ಹೋಗಾದು ಬ್ಯಾಡ" ಎಂದು ಪರೀಕ್ಷೆಯನ್ನೆಲ್ಲ ಬಾಗೂರಿನ ತಮ್ಮ ಹೊಲದ ಬಯಲಿಗೆ ಸಾಗಿಸಿ, ಕೊಳವೆಯ ಜಾಗಕ್ಕೆ ಮೈಕು ಕೂರಿಸಿ, ಸದ್ದು ಅಳತೆ ಮೀರದಂತೆ ತಡೆಯುವ ಹೆಡ್‌ಫೋನನ್ನು ಪಲ್ಲವಿಗೆ ಕೊಟ್ಟರು. ಅವಳಿಗೆ ನಾಕಿಂಗ್ ಗುರುತಿಸಲು ಕಲಿಸಿದ ಬಗೆಯನ್ನೂ ಹೇಳಬೇಕು. ಡಬ್ಬಿಗೆ ಹುರುಳಿ ಹಾಕಿ, ಅವಳ ಬೆನ್ನ ಹಿಂದೆ ದೂರ ನಿಂತು, ಒಮ್ಮೆ ಜೋರಾಗಿ ಒಮ್ಮೆ ಮೆಲ್ಲಗೆ ಅಲ್ಲಾಡಿಸುತ್ತಾ, "ಈಗ ಕೇಳ್ತಾ? ಈಗ?" ಎಂದು ಕೇಳುತ್ತಿದ್ದರು. ಆ ಡಬ್ಬಿ ಅವರ ಕೈಯಲ್ಲೇ ಇತ್ತು. ಅವರಿಗೆ ಮಾತ್ರ ಅದು ಮೂಕವಾಗಿತ್ತು.

ಆ ಎಂಜಿನ್ ಮತ್ತೆ ಎದ್ದಿತು. ಹಿರಿಯೂರಿನಾಚೆ ಇನ್ನೂ ಸಂಚಾರಕ್ಕೆ ಬಿಡದ ನೇರ ರಸ್ತೆಯೊಂದರಲ್ಲಿ, ಅಪ್ಪಣೆ ಪಡೆದು, ಹಳೆಯ ವಿದ್ಯಾರ್ಥಿ ಮೋಹನ್‌ಕುಮಾರ್ ಚಾಲಕನಾಗಿ, ನಮ್ಮ ಷೆಡ್ಡಿನಲ್ಲೇ ತಗಡು ಬಡಿದು ಮೈ ಕೊಟ್ಟ ಎರಡು ಸೀಟಿನ ಆ ಕಾರು ಓಡಿತು. ನಮ್ಮ ಜಿಲ್ಲೆಯಲ್ಲಿ ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಹುಡುಗರು ಕುಣಿದರು, ಪಲ್ಲವಿ ಅತ್ತಳು. ಆ ಷೆಡ್ಡಿನಲ್ಲಿ ಕೈ ಕಪ್ಪು ಮಾಡಿಕೊಂಡವರು ಇಂದು ದೊಡ್ಡ ಕಾರ್ಖಾನೆಗಳಲ್ಲಿ ಎಂಜಿನ್ ವಿನ್ಯಾಸ ಮಾಡುತ್ತಿದ್ದಾರೆ. ಅದು ನಿಜವಾದ ಫಲ, ನಾನು ಅಲ್ಲಗಳೆಯುವುದಿಲ್ಲ. ತಿಪ್ಪಮ್ಮನವರು ಮನೆಯಲ್ಲಿ ಈಗಲೂ ಹೆಗಲು ಮುಟ್ಟಿಯೇ ಗಂಡನನ್ನು ಊಟಕ್ಕೆ ಕರೆಯಬೇಕು. ಅದೂ ಅಷ್ಟೇ ನಿಜ. ಇವೆರಡನ್ನೂ ತಕ್ಕಡಿಗೆ ಹಾಕಲು ನನಗೆ ಬರುವುದಿಲ್ಲ.

ಕಾರು ಓಡಿದ ಆ ದಿನ ಗದ್ದಲದ ನಡುವೆ ರಂಗಸ್ವಾಮಿಯವರು ನನ್ನ ಪಕ್ಕಕ್ಕೆ ಬಂದರು. ಒಳ್ಳೆಯ ಟರ್ಬೊ ಪೂರ್ತಿ ವೇಗದಲ್ಲಿ ತಿರುಗಿದಾಗ ಒಂದು ಸೀಟಿ ಹುಟ್ಟುತ್ತದೆ. ಅದನ್ನು ಅವರು ಕೇಳಲಾರರು. "ಮೇಡಂ, ಸೀಟಿ ಬಂತಾ?" ಎಂದರು. ಹೂಂ ಎಂದು ತಲೆಯಾಡಿಸಿದೆ. "ಹೆಂಗಿತ್ತು?" ಎಂದರು. ಜಗಳದಲ್ಲಿ ಎಂದೂ ಮಾತಿಗೆ ತಡವರಿಸದ ನಾನು ಅಂದು ಹೆಬ್ಬೆರಳೆತ್ತಿ ತೋರಿಸಿ ಹುಡುಗರತ್ತ ಹೊರಟುಬಿಟ್ಟೆ.

ಶ್ರೀ ರಂಗಸ್ವಾಮಿಯವರ ಕೈಗೆ ಬಾಗೂರಿನ ಬಯಲಿನಲ್ಲಿ ಇನ್ನೂ ಬಹುಕಾಲ ಗ್ರೀಸು ಅಂಟಿಕೊಂಡಿರಲಿ. ಆಯುಸ್ಸು, ಆರೋಗ್ಯ, ಕೆಲಸ ಮೂರನ್ನೂ ಅವರ ಮನೆದೇವರು ಬೀರಪ್ಪ ಒಟ್ಟಿಗೇ ಕೊಡಲಿ. ಒಂದನ್ನು ಕೊಟ್ಟು ಇನ್ನೊಂದನ್ನು ಕಸಿಯುವ ವ್ಯವಹಾರ ಇಲ್ಲಿಗೆ ಸಾಕು.

ಸಾರ್, ಅಂದು ನೀವು ಕೇಳಿದ್ದಕ್ಕೆ ಉತ್ತರ ಇಲ್ಲಿದೆ, ಓದಿಕೊಳ್ಳಿ. ಮೊದಲು ಎಂಜಿನ್ನಿನ ಗುಡುಗು ಬಂತು. ಅದು ನಿಮ್ಮ ಎದೆಗೂ ತಾಗಿರಬೇಕು. ಅದರ ಮೇಲೆ, ಗಾಳಿ ಬೇಲಿಯ ತಂತಿಗೆ ಸಿಕ್ಕಿದಾಗ ಏಳುತ್ತದಲ್ಲ, ಅಂಥ ತೆಳ್ಳನೆಯ ಸದ್ದೊಂದು ಎದ್ದಿತು. ಗೇರು ಬದಲಿಸಿದಾಗ ಉಸ್ಸೆಂದು ಇಳಿಯಿತು, ಮತ್ತೆ ಏರಿತು, ಮೊದಲಿಗಿಂತ ಮೇಲೆ ಏರಿತು, ಎಲ್ಲಿಯೂ ಒಡೆಯಲಿಲ್ಲ. ಬಹಳ ಚೆನ್ನಾಗಿತ್ತು, ಸಾರ್. ನಾವೆಲ್ಲ ಕಾರು ಹೋದ ದಿಕ್ಕಿಗೆ ತಿರುಗಿ ನಿಂತಿದ್ದೆವು. ನೀವೊಬ್ಬರು ಮಾತ್ರ ಅದಕ್ಕೆ ಬೆನ್ನು ಮಾಡಿ ನಮ್ಮ ಮುಖಗಳನ್ನೇ ನೋಡುತ್ತಿದ್ದಿರಿ.