ಮದ್ದೂರು ಗೇಟಿನ ಸಾಕ್ಷಿ

ಮರಗಳು ಅಡ್ಡ ಬಂದರೆ ಮೈಕ್ರೋವೇವ್ ಸಿಗ್ನಲ್ ಎಷ್ಟು ಕುಗ್ಗುತ್ತದೆ ಎನ್ನುವುದು ನನ್ನ ಪಿಎಚ್‌ಡಿ ವಿಷಯ. ಅದನ್ನು ಅಳೆಯಲು ಗುಂಡ್ಲುಪೇಟೆ ದಾಟಿ ಮದ್ದೂರು ಕಾಡಿಗೆ ಹೋದೆ. ತೊಂಬತ್ತರ ದಶಕ, ಕಾಡುಗಳ್ಳರ ಭಯದ ಕಾಲ. ಗೇಟಿನಲ್ಲಿದ್ದ ಪೇದೆ ಆಲಿಕೆಯಂಥ ನನ್ನ ಆಂಟೆನಾದೊಳಗೆ ಮೊಣಕೈವರೆಗೂ ಕೈ ಹಾಕಿ ತಡಕಿದ.

"ಕಾಡೊಳ್ಗೆ ಯಾರ್ಗ್ಲಾ ಸುದ್ದಿ ಕಳಿಸ್ತಿದ್ದೀಯೆ?"

"ಯಾರಿಗೂ ಇಲ್ಲ ಸಾರ್. ಮರ ಸಿಗ್ನಲ್ ತಡೆಯೋದನ್ನ ಅಳೀತೀನಿ, ಡಾಕ್ಟರೇಟ್‌ಗೆ."

"ಅದ ಅಳೆದ್ರೆ ಡಾಕ್ಟ್ರು ಪದವಿ ಕೊಟ್ಬುಟ್ಟಾರಾ? ಯಾರ್ಗೇಳ್ತಿದ್ದೀಯೆ, ಬುಡ್ಲಾ!"

ನಂಬದೆ ನನ್ನ ಜೊತೆಗೇ ಕಾಡೊಳಗೆ ಬಂದ. ಸಂಜೆವರೆಗೂ ಪಕ್ಕದಲ್ಲೇ ಕೂತು, ಪ್ರತಿ ರೀಡಿಂಗನ್ನೂ ತಾನೇ ಬರೆದುಕೊಂಡು, ಗೇಟಿನ ಸೀಲು ಹಾಕಿದ ನಕಲೊಂದನ್ನು ನನಗೂ ಕೊಟ್ಟ.

ಕೊನೆಗೆ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು, "ಈ ಅಂಕಿಗಳೆಲ್ಲ ಹಾಸ್ಟೆಲಿನಲ್ಲೇ ಹುಟ್ಟಿದವೇನು?" ಎಂದರು. ಆ ನಕಲನ್ನು ಮುಂದಿಟ್ಟೆ. ಸೀಲನ್ನೇ ದಿಟ್ಟಿಸಿ ಕೇಳಿದರು: "ಈ ಪೇದೆ ನಿಮಗೆ ನೆಂಟನೇ?"

ಪೇದೆಯೇ ವಾಸಿ. ಅವನು ಕೈ ಹಾಕಿಯಾದರೂ ನೋಡಿದ್ದ.