ಹೊಗೆ ಎಳೆಯದ ಒಲೆ

ಈ ಹೊತ್ತು ಮುಂಜಾನೆ ಚಹಾದ ಕಪ್ ತುಟಿಗೆ ತಾಗುವಷ್ಟರಲ್ಲಿ ಹೊಗೆಯ ವಾಸನೆ ಬಂತು. ಮ್ಹೈಸಾಳದ ಕಡೆ ಯಾರೋ ಕಬ್ಬಿನ ರವದಿಗೆ, ಕಟಾವಾದ ಮೇಲೆ ಉಳಿದ ಒಣಗರಿಗೆ, ಬೆಂಕಿ ಹಚ್ಚಿರಬೇಕು. ಸುಗ್ಗಿಯಲ್ಲಿ ನಮ್ಮ ಮಾಲಗಾಂವಕ್ಕೆ ಇದೇನು ಹೊಸತಲ್ಲ. ಬೇರೆ ಯಾರಾದರೂ ಆಗಿದ್ದರೆ ಕಿಟಕಿ ಮುಚ್ಚಿ ಚಹಾ ಮುಗಿಸುತ್ತಿದ್ದರು. ನಾನು ಎದ್ದು ನಿಂತು, ಹಚ್ಚಿದವನು ಯಾರು, ಗಾಳಿ ನಮ್ಮ ಮನೆಯತ್ತ ಬೀಸುವ ದಿನವನ್ನೇ ಅವನು ಏಕೆ ಆರಿಸಿಕೊಂಡ ಎಂದು ವಿಚಾರಣೆ ಶುರು ಮಾಡಿದೆ. ನೋಡಿ, ನಾನು ಇಂಥವನು. ಮಿರಜದ ಶಾಲೆಯೊಂದರಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿದೆ. ಪರೀಕ್ಷೆಯಲ್ಲಿ ತಲೆ ತಗ್ಗಿಸಿ ಬರೆಯುವ ಹುಡುಗನ ಮೇಲೇ ನನಗೆ ಹೆಚ್ಚು ಗುಮಾನಿ. ನಿವೃತ್ತಿಯಾಯಿತು, ಆ ಕಣ್ಣಿಗೆ ಮಾತ್ರ ಇನ್ನೂ ರಜೆ ಸಿಕ್ಕಿಲ್ಲ.

ಈ ಹೊಗೆಯ ಗುಮಾನಿ ನನಗೊಮ್ಮೆ ಬಹಳ ತುಟ್ಟಿಯಾಯಿತು. ಅದನ್ನು ಹೇಳಬೇಕಾದರೆ ಮೊದಲು ಮಾವಶಿಯ ಒಲೆಯನ್ನು ತೋರಿಸಬೇಕು.

ಮಾವಶಿ ಎಂದರೆ ನನ್ನ ಅವ್ವನ ತಂಗಿ. ಗಂಡ ತೀರಿದ ಮೇಲೆ ನಮ್ಮಲ್ಲಿಗೇ ಬಂದಳು. ಬಂದ ವಾರದೊಳಗೇ ಅಡಿಗೆಮನೆಯ ರಾಜ್ಯಭಾರ ಅವಳ ಕೈಗೆ ಹೋಯಿತು. ನಾವು ಜೈನರು. ಮನೆಯಲ್ಲಿ ಗ್ಯಾಸ್ ಇದ್ದರೂ ಮಾವಶಿಯ ಅಡಿಗೆ ಹಿಂದಿನ ಕೋಣೆಯ ಕಟ್ಟಿಗೆ ಒಲೆಯ ಮೇಲೆಯೇ ಆಗಬೇಕು. ಒಂದೊಂದು ಕಟ್ಟಿಗೆಯನ್ನೂ ನೆಲಕ್ಕೆ ಮೂರು ಸಲ ಬಡಿದು, ಒಳಗೆ ಹುಳಹುಪ್ಪಡಿ ಇದ್ದರೆ ಹೊರಗೆ ಬೀಳಲೆಂದು ಕಾಯ್ದು, ಆಮೇಲೆ ಒಲೆಗೆ ಇಡುವವಳು ಅವಳು. ಒಲೆಯ ನೆತ್ತಿಯ ಮೇಲೆ ಇಟ್ಟಿಗೆಯ ಚಿಮಣಿ. ಅಪ್ಪ ಕಟ್ಟಿಸಿದ್ದು. ಹೊಗೆಯನ್ನು ಎಷ್ಟು ಚೆನ್ನಾಗಿ ಎಳೆಯುತ್ತಿತ್ತೆಂದರೆ, ಒಲೆ ಹೊತ್ತಿದೆಯೋ ಇಲ್ಲವೋ ಬಗ್ಗಿ ನೋಡಬೇಕಾಗುತ್ತಿತ್ತು.

ಒಂದು ಚಾತುರ್ಮಾಸದಲ್ಲಿ ಮುನಿಗಳೊಬ್ಬರು ಊರ ಬಸದಿಯಲ್ಲಿ ಉಳಿದಿದ್ದರು. ಮುನಿಗಳು ಉಣ್ಣುವುದು ದಿನಕ್ಕೊಮ್ಮೆ, ನಿಂತುಕೊಂಡು, ಅಂಗೈಯಲ್ಲಿ. ಯಾವ ಮನೆಯ ಬಾಗಿಲಲ್ಲಿ ನಿಲ್ಲುತ್ತಾರೋ ಆ ಮನೆಯ ಪುಣ್ಯ. ಆ ವರ್ಷ ನಮ್ಮ ಬಾಗಿಲಲ್ಲಿ ನಿಂತರು. ಮೂರನೆಯ ತುತ್ತಿನಲ್ಲಿ ಪತಂಗದ ರೆಕ್ಕೆಯೊಂದು ಕಂಡಿತು. ಇಂಥದ್ದು ಕಂಡರೆ ಅಂತರಾಯ. ಅಂದಿನ ಆಹಾರ ಅಲ್ಲಿಗೇ ಮುಗಿಯಿತು, ನೀರೂ ಇಲ್ಲ. ಮುನಿಗಳು ಕೈ ಬಿಡಿಸಿ, ಮುಖದಲ್ಲಿ ಒಂದು ಗೆರೆಯೂ ಕದಲದೆ ಹೊರಟುಹೋದರು. ಮಾವಶಿ ಎರಡು ದಿನ ಬಾಯಿಗೆ ಏನೂ ಹಾಕಲಿಲ್ಲ.

ಮೂರನೆಯ ದಿನ ಚಿಮಣಿಯತ್ತ ಬೆರಳು ಮಾಡಿದಳು: "ಅಲ್ಲಿಂದನ ಬಿದ್ದೈತಿ ಅದು. ಅದರ ಬಾಯಿಗೆ ಏನರ ಕಟ್ಟು."

ನಾನು ಮಿರಜದ ಪೇಟೆಗೆ ಹೋಗಿ ಹಿಟ್ಟಿನ ಜರಡಿಗೆ ಹಾಕುವಂಥ ಸಣ್ಣ ಕಣ್ಣಿನ ತಂತಿಜಾಳಿಗೆ ತಂದೆ. ಏಣಿ ಹಾಕಿ ಚಿಮಣಿಯ ಬಾಯಿಗೆ ನಾನೇ ಬಿಗಿದೆ. ಇನ್ನು ಒಂದು ಗುಂಗಾಡೂ ಒಳಗೆ ಬಂದು ಸಾಯುವಂತಿಲ್ಲ. ಕೆಳಗಿಳಿದಾಗ, ಜೀವದಯೆಗೆ ನನ್ನದೂ ಒಂದು ಕಾಣಿಕೆ ಸಂದಿತೆಂದು ಎದೆ ಉಬ್ಬಿತ್ತು.

ಮುಂದಿನ ಬೇಸಿಗೆಯ ಹೊತ್ತಿಗೆ ಒಲೆ ಹೊಗೆ ಕಾರತೊಡಗಿತು. ನಾನು ಮೊದಲು ಕಟ್ಟಿಗೆ ಮಾರುವವನ ಮೇಲೆ ಸಂಶಯಪಟ್ಟೆ. ಹಸಿ ಕಟ್ಟಿಗೆ ಕೊಡುತ್ತಾನೆಂದು ಜಗಳಾಡಿ ಬೇರೆಯವನಿಂದ ತಂದೆ. ಹೊಗೆ ಹಾಗೆಯೇ ಇತ್ತು. ಕಿಟಕಿ ತೆರೆದರೆ ತುಸು ಕಡಿಮೆ, ಮುಚ್ಚಿದರೆ ಜಾಸ್ತಿ. ಉರಿಯುವ ಕಾಗದವನ್ನು ಚಿಮಣಿಯ ಬುಡಕ್ಕೆ ಹಿಡಿದು ನೋಡಿದೆ. ಜ್ವಾಲೆ ಮೇಲಕ್ಕೆ ಹೋಗುವ ಬದಲು ನನ್ನ ಮೀಸೆಯ ಕಡೆಗೇ ವಾಲಿತು. ವಿಚಿತ್ರವೆಂದರೆ ಕೆಲವು ಮುಂಜಾನೆ ಮಾತ್ರ ಏನೂ ಆಗಿಲ್ಲವೆಂಬಂತೆ ಎಳೆಯುತ್ತಿತ್ತು. ಒಂದು ದಿನ ಸರಿ, ಒಂದು ದಿನ ಇಲ್ಲ ಎಂದರೆ ಇದರಲ್ಲಿ ಯಾರದೋ ಕೈ ಇದೆ ಎಂದೇ ನನ್ನ ಲೆಕ್ಕ.

ಕೈ ಯಾರದೆಂದು ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ಪಕ್ಕದ ಮನೆ ಬೀರಣ್ಣನದು. ಕುರಿ ಸಾಕುವ ಮನೆತನ, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ. ಊರೆಲ್ಲ ಮರಾಠಿ ಆಡಿ ಬಂದ ನಾಲಿಗೆಗೆ ಸಂಜೆ ಅವನ ಕಟ್ಟೆಯಲ್ಲಿ ಕುಳಿತರೆ ಸುಖವೆನಿಸುತ್ತಿತ್ತು. ಅದೇ ವರ್ಷ ಅವನು ಮಾಳಿಗೆಯ ಮೇಲೆ ಮಾಳಿಗೆ ಏರಿಸಿ, ಗೋಡೆಗೆ ಹಳದಿ ಬಣ್ಣ ಹಚ್ಚಿಸಿದ್ದ. ಒಮ್ಮೆ ನಗುತ್ತಲೇ ಅಂದಿದ್ದ: "ಮಾಸ್ತರ್ರ, ನಿಮ್ಮ ಹೊಗಿ ನಮ್ಮ ಹೊಸಾ ಗ್ವಾಡಿಗೆ ಕಾಡಿಗಿ ಹಚ್ಚಾಕತ್ತೈತ್ರಿ." ಅವನ ನಗು ಮರೆತು ಮಾತನ್ನಷ್ಟೇ ನೆನಪಿಟ್ಟುಕೊಂಡೆ.

ಗೋಡೆ ಕಟ್ಟುವ ಗೌಂಡಿಯನ್ನು ಕರೆಸಿದೆ. ಅವನು ಮೇಲೆ ಹತ್ತಿ, "ಬಾಜೂದ ಗ್ವಾಡಿ ಎತ್ತರ ಆಗೇತ್ರಿ, ಗಾಳಿ ಬಡದು ಹೊಗಿ ಕೆಳಗ ಒತ್ತತೈತಿ. ಮೂರು ಫೂಟ ಏರಸೂನು. ಈ ಜಾಳಿಗಿ ತಗೀಲೇನ್ರಿ?" ಎಂದು ಕೇಳಿದ. ಕೆಳಗಿನಿಂದಲೇ ಗದರಿದೆ: "ಅದನ್ನ ಮುಟ್ಟಬ್ಯಾಡ! ಏರಿಸಿ, ಮತ್ತ ಅದನ್ನ ಕಟ್ಟು!" ಅವನು ಮೂರು ಅಡಿ ಏರಿಸಿ, ಅದನ್ನೇ ಭದ್ರವಾಗಿ ಮತ್ತೆ ಕಟ್ಟಿದ. ಹೊಗೆಯೂ ಭದ್ರವಾಗಿ ಒಳಗೇ ಉಳಿಯಿತು.

ಆಮೇಲೆ ಒಂದು ಮುಂಜಾನೆ ಹಲ್ಲುಜ್ಜುತ್ತ ಅಂಗಳದಲ್ಲಿ ನಿಂತಾಗ ಕಳ್ಳ ಸಿಕ್ಕಿಬಿದ್ದ. ಬೀರಣ್ಣ ತನ್ನ ಮಾಳಿಗೆಯಿಂದ ಬಗ್ಗಿ, ಉದ್ದನೆಯ ಬಿದಿರಿನ ಗಳದಿಂದ ನಮ್ಮ ಚಿಮಣಿಯ ಬಾಯಿಯನ್ನು ತಿವಿಯುತ್ತಿದ್ದ! ನಾನು ಬಾಯಲ್ಲಿದ್ದುದನ್ನು ಉಗಿದು ಬೀದಿಗೆ ನಡೆದೆ. ಕೆಳಗೆ ಕರೆದೆ. ಇಳಿದು ಬಂದ. "ಅಲ್ರೀ ಮಾಸ್ತರ್ರ, ನಾ..." ಎಂದು ಬಾಯಿ ತೆರೆದ. ನಾನು ಬಿಡಲಿಲ್ಲ. ಅಷ್ಟು ವರ್ಷ ಅವನೊಡನೆ ಕನ್ನಡ ಬಿಟ್ಟು ಬೇರೆ ಆಡದವನು, ಇಡೀ ಓಣಿಗೆ ಕೇಳಲೆಂದು ಮರಾಠಿಯಲ್ಲಿ ಬೈದೆ. ಹೊಟ್ಟೆಕಿಚ್ಚಿನವನು ಎಂದೆ. ಮುದುಕಿಯ ಕಣ್ಣು ಕಳೆಯುತ್ತೀಯಾ ಎಂದೆ. ನಮ್ಮ ಒಲೆಯ ಹತ್ತಿರ ನಿನ್ನ ಕೈ ಬರಕೂಡದು ಎಂದೆ. ಕಡೆಯ ಮಾತನ್ನು ಹೇಗೆ ಅಂದೆನೋ, ಅವನ ಮುಖ ಬಿಳಿಚಿತು. ಕುರಿಯವನ ಕೈ, ಜೈನರ ಒಲೆ. ನಾನು ಆಡದೆ ಬಿಟ್ಟದ್ದನ್ನೂ ಅವನು ಕೇಳಿಸಿಕೊಂಡಿದ್ದ. ತಿರುಗಿ ಒಳಗೆ ಹೋದ.

ಅಂದಿನಿಂದ ಒಲೆ ಒಂದು ದಿನವೂ ಹೊಗೆ ಎಳೆಯಲಿಲ್ಲ.

ಮತ್ತೆ ಚಾತುರ್ಮಾಸ ಬಂತು, ಬೇರೊಬ್ಬ ಮುನಿಗಳು ಬಂದರು. ನಮ್ಮಲ್ಲಿ ಆಹಾರಕ್ಕೆ ಸಿದ್ಧಮಾಡಿದ ದಿನ ಒಲೆಯ ಕೋಣೆಯಲ್ಲಿ ಎದುರಿನವರ ಮುಖ ಕಾಣದಷ್ಟು ಹೊಗೆ. ಮಾವಶಿ ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ಕುಳಿತಳು. ಅನ್ನ ಅರೆಬೆಂದು ನಿಂತಿತು. ಮುನಿಗಳು ನಮ್ಮ ಓಣಿಗೆ ಬಂದರು. ಕಲಶ ಹಿಡಿದು ಬಾಗಿಲಲ್ಲಿ ನಿಲ್ಲಬೇಕಾದವಳು ಒಳಗೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವರು ಮುಂದೆ ನಡೆದುಹೋದರು.

ನಾನು ಸಿಟ್ಟಿನಲ್ಲಿ ಏಣಿ ಹಾಕಿದೆ. ಈ ಸಲ ಬೀರಣ್ಣ ಏನು ತುರುಕಿದ್ದಾನೋ ನೋಡಿ ಪಂಚರನ್ನೇ ಕರೆಸುವ ವಿಚಾರ. ಮೇಲೆ ಹೋಗಿ ನೋಡಿದರೆ ಯಾರೂ ಏನೂ ತುರುಕಿರಲಿಲ್ಲ. ನಾನು ತಂದ ಜಾಳಿಗೆಯ ಒಂದೊಂದು ಕಣ್ಣೂ ಮಸಿಯಿಂದ ಮುಚ್ಚಿ, ಸುಟ್ಟ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಅದರ ಮೇಲೆ ಅಲ್ಲಲ್ಲಿ ಬಿದಿರಿನ ತುದಿ ಬಡಿದ ಗುಂಡು ಗುರುತುಗಳು. ಆ ಗುರುತುಗಳ ಮೇಲೂ ಹೊಸ ಮಸಿ ಕೂತಿತ್ತು. ಅವನು ತನ್ನ ಮಾಳಿಗೆಯಿಂದ ನೋಡಿದ್ದ. ಬಿಡುವಿದ್ದ ಮುಂಜಾನೆಗಳಲ್ಲಿ ಮಸಿ ಉದುರಿಸುತ್ತಿದ್ದ. ಒಲೆ ಹೊಗೆ ಎಳೆಯುತ್ತಿದ್ದುದು ಆ ದಿನಗಳಲ್ಲೇ.

ಜಾಳಿಗೆ ಕಿತ್ತೆಸೆದೆ. ಒಲೆ ಭರ್ರನೆ ಹೊತ್ತಿತು. ಕಟ್ಟಿಗೆಯವನು, ಗೋಡೆ, ಗಾಳಿ, ಬೀರಣ್ಣ ಎಲ್ಲರ ಮೇಲೂ ಸಂಶಯಪಟ್ಟಿದ್ದೆ. ನಾನು ಮಾಡಿದ ಪುಣ್ಯದ ಕೆಲಸದ ಮೇಲೆ ಮಾತ್ರ ಪಟ್ಟಿರಲಿಲ್ಲ.

ಮಾವಶಿ ಅಂದೇ ಅವನ ಮನೆಗೆ ಹೋಗಿ ಕೈಮುಗಿದು ಬಂದಳು. "ನಾ ಹೋಗಿ ಬಂದೇನಿ. ನಿಂದು ನೀ ಹೋಗಿ ಹೇಳು," ಅಂದಳು. ನಾಳೆ ಎಂದೆ. ಆ ನಾಳೆಗೆ ಏಳು ವರ್ಷವಾಯಿತು. ಬೀರಣ್ಣ ಮಾವಶಿಯೊಡನೆ ಮೊದಲಿನಂತೆಯೇ ಮಾತಾಡುತ್ತಾನೆ. ನಾನು ಎದುರಾದರೆ ನಿಂತು, "ನಮಸ್ಕಾರ ಸರ, ಬರಂ ಆಹೇ ನಾ?" ಎಂದು ತಾಲೂಕು ಕಚೇರಿಯ ಮರಾಠಿಯಲ್ಲಿ ಕ್ಷೇಮ ಕೇಳಿ ದಾಟಿಹೋಗುತ್ತಾನೆ. ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಈ ಮುಂಜಾನೆ ರವದಿ ಸುಟ್ಟವನು ಇಂಥವನೇ ಎಂದು ನಾನಾಗಲೇ ಖಾತ್ರಿ ಮಾಡಿಕೊಂಡಾಗಿತ್ತು. ಹೋಗಿ ಕೇಳಿಯೇ ಬಿಡುವುದೆಂದು ಚಪ್ಪಲಿಯನ್ನೂ ಮೆಟ್ಟಿದ್ದೆ. ಮೆಟ್ಟಿದವನಿಗೆ ಒಮ್ಮೆಲೇ ನಾಚಿಕೆಯಾಯಿತು. ಚಪ್ಪಲಿ ಬಿಡಲಿಲ್ಲ. ಪಕ್ಕದ ಮನೆಗೆ ನಡೆದೆ.

ಬೀರಣ್ಣ ಕಟ್ಟೆಯ ಮೇಲೆ ಕಂಬಳಿ ಹಾಸಿ ಕುಳಿತಿದ್ದ. ನನ್ನನ್ನು ಕಂಡು ಏಳಹೋದ. ಏಳಗೊಡಲಿಲ್ಲ. "ತಪ್ಪು ನಂದು, ಬೀರಣ್ಣ. ಅವತ್ತೇ ಗೊತ್ತಾಗಿತ್ತು. ಬಂದು ಹೇಳೂ ಧೈರ್ಯ ಆಗಲಿಲ್ಲ," ಅಂದೆ.

ಅವನು ನನ್ನ ಮುಖವನ್ನೂ ರವದಿಯ ಹೊಗೆಯನ್ನೂ ನೋಡಿದ. ಆಮೇಲೆ ಕೇಳಿದ: "ಈಗ ಯಾರ ಮ್ಯಾಲ ಸಂಶೆ ಬಂದೈತ್ರಿ, ಮಾಸ್ತರ್ರ?"

ಏಳು ವರ್ಷದ ಮೇಲೆ ಕನ್ನಡದಲ್ಲಿ ಕೇಳಿದ್ದ. ನಾನು ಚಪ್ಪಲಿ ಬಿಟ್ಟೆ. ಅವನು ಕಂಬಳಿಯ ಅರ್ಧಕ್ಕೆ ಸರಿದು ಕುಳಿತ.