ಒಂದೆಲಗಕ್ಕೆ ಹಾಕಿದ ಹೆಪ್ಪು

ಇವತ್ತು ಭಾನುವಾರ. ಐದೂವರೆಗೆ ನಳದಲ್ಲಿ ನೀರು ಬಂತು, ಡ್ರಮ್ ತುಂಬಿಸಿದೆ, ಒಂದು ಬಕೆಟ್ ಬೇರೆ ಹಿಡಿದು ಮುಚ್ಚದೆ ಇಟ್ಟೆ. ನಾಳೆಯ ಇಡ್ಲಿಗೆ ಉದ್ದು ನೆನೆಹಾಕಿದೆ. ಬಾಗಿಲಿಗೆ ತೂಗುಹಾಕಿದ್ದ ಚೀಲದಿಂದ ಹಾಲು ತೆಗೆದು ಕಾಯಿಸಿದೆ. ಇವರ ಎರಡು ಅಂಗಿಗೆ ಗುಂಡಿ ಹೊಲಿದೆ. ಫೋರ್ಟಿನ ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲಿ ವಾರಕ್ಕೊಂದು ಗುಂಡಿಯಾದರೂ ಯಾರದೋ ಬ್ಯಾಗಿಗೆ ಸಿಕ್ಕಿ ಹೋಗುತ್ತದೆ. ಅತ್ತೆಗೆ ಮೀಯಲು ಬಿಸಿನೀರು ಇಟ್ಟೆ. ಒಲೆ ತಿಕ್ಕಿದೆ. ಕಿಟಕಿಯ ಬಳಿ ಇರುವ ಪೆಟ್ಟಿಗೆಯ ಮುಚ್ಚಳ ಎತ್ತಿ ಬೇರು ನೋಡಿದೆ. ಬೆಳ್ಳಗಿದ್ದವು. ನೋಡಿದ್ದು ಸಾಲದೆ, ಕನ್ನಡಕ ಹಾಕಿಕೊಂಡು ಬಂದು ಇನ್ನೊಮ್ಮೆ ನೋಡಿದೆ.

ವಡಾಲದ ಈ ಮೂರನೇ ಮಾಳಿಗೆಯಲ್ಲಿ ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಬೇರು ನೋಡುವ ಕೆಲಸವೊಂದು ಹೊಸದಾಗಿ ಸೇರಿಕೊಂಡದ್ದು ಅತ್ತೆಯ ಜ್ವರದಿಂದ. ಮಳೆಗಾಲದ ಕೊನೆಗೆ ಬಂದ ಜ್ವರ ಹತ್ತು ದಿನಕ್ಕೆ ಬಿಟ್ಟಿತು, ಆದರೆ ಹೋಗುವಾಗ ಅವರ ನಾಲಿಗೆಯ ರುಚಿಯನ್ನೂ ಕರೆದುಕೊಂಡು ಹೋಯಿತು. ಮೂರು ತುತ್ತು ಉಂಡು ಬಟ್ಟಲು ಸರಿಸುತ್ತಿದ್ದರು. ಬಳೆ ಮಣಿಕಟ್ಟಿನಿಂದ ಮೊಣಕೈವರೆಗೆ ಸಲೀಸಾಗಿ ಓಡಾಡುತ್ತಿತ್ತು. ಡಾಕ್ಟರು, "ರೋಗ ಏನೂ ಇಲ್ಲ, ಊಟ ಮಾಡಿಸಿ. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ" ಎಂದರು.

ಏನು ತಿನ್ನುತ್ತೀರಿ ಎಂದು ಕೇಳಿದರೆ ಅತ್ತೆ ಯೋಚಿಸಿ, "ತಿಮರೆ ತಂಬುಳಿ ಆದ್ರೆ ಇಳಿಯುತ್ತಿತ್ತೇನೋ" ಎಂದರು. ತಿಮರೆ ಎಂದರೆ ಒಂದೆಲಗ. ಉಡುಪಿ ಕಡೆಯವರ ಬಾಯಲ್ಲಿ ಅದಕ್ಕೆ ತುಳುವಿನ ಹೆಸರೇ. ಮಾಟುಂಗಾಕ್ಕೆ ಹೋಗಿ ಎರಡು ಕಟ್ಟು ತಂದು, ಕಾಯಿ, ಜೀರಿಗೆ ಹಾಕಿ ಅರೆದು, ಮೊಸರು ಬೆರೆಸಿ ತಂಬುಳಿ ಮಾಡಿ ಮುಂದಿಟ್ಟೆ. ಮೂಸಿದರು.

"ಎಲ್ಲಿದ್ದು ಇದು?"

"ಮಾರ್ಕೆಟ್ಟಿದ್ದು, ಅತ್ತೆ."

"ರೈಲಿನ ಹಳಿ ಬದಿಯಲ್ಲಿ ಗಟಾರದ ನೀರಿಗೆ ಬೆಳೆದದ್ದು. ಬೇಯಿಸದೆ ಹಸಿ ಅರೆದು ನಾನು ಕುಡಿಯುದಾ? ಜ್ವರ ಒಂದು ಸಲ ಬಂದದ್ದು ಸಾಕು ಮಾರಾಯ್ತಿ."

ಗೋರೆಗಾಂವಿನಲ್ಲಿ ಕೆಲಸ ಮಾಡುವ ಮಗಳು ಮುಂದಿನ ವಾರವೇ ಒಂದು ಪೆಟ್ಟಿಗೆ ತಂದಳು. ಮುಚ್ಚಳದಲ್ಲಿ ಹನ್ನೆರಡು ತೂತು. ಮಣ್ಣು ಬೇಡ, ಒಳಗೆ ನೀರು, ನೀರಿಗೆ ಗೊಬ್ಬರದ ದ್ರವ, ಗಾಳಿ ಊದಲು ಗುರುಗುಟ್ಟುವ ಸಣ್ಣ ಪಂಪು. ಮಾರ್ಕೆಟ್ಟಿನ ಕಟ್ಟಿನಲ್ಲಿ ಬೇರಿದ್ದ ಗಿಡಗಳನ್ನು ತೊಳೆದು, ಸ್ಪಂಜಿಗೆ ಸಿಕ್ಕಿಸಿ ತೂತುಗಳಲ್ಲಿ ಕೂರಿಸಿ, ಕಿಟಕಿಯ ಗ್ರಿಲ್ಲಿನಲ್ಲಿಟ್ಟೆವು.

"ಮಣ್ಣಿಲ್ಲ, ಬರೀ ನಳಿಗೆ, ನೀರು, ಗಾಳಿ. ಪಾಪದ ಗಿಡವನ್ನು ಐಸಿಯುಗೆ ಹಾಕಿದ್ದಾ?" ಎಂದರು ಅತ್ತೆ. ಆದರೆ ನಮ್ಮ ನೀರಿನಲ್ಲಿ ಹೊಸದಾಗಿ ಚಿಗುರಿದ ಎಲೆಗೆ ಗಟಾರದ ದೋಷವಿಲ್ಲ ಎಂದು ತಾವೇ ತೀರ್ಪು ಕೊಟ್ಟುಕೊಂಡರು. ಮೂರು ವಾರಕ್ಕೆ ಒಂದು ಸಲದ ತಂಬುಳಿಗಾಗುವಷ್ಟು ಎಲೆ ಬಂತು. ಅವತ್ತು ಅತ್ತೆ ಎರಡು ಸಲ ಅನ್ನ ಬಡಿಸಿಕೊಂಡರು. ನಾನು ಅಡಿಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಕೇಳಿದವರಿಗೆ ಈರುಳ್ಳಿ ಎಂದೆ. ಅವತ್ತು ಈರುಳ್ಳಿ ಹಾಕುವ ಅಡಿಗೆ ಯಾವುದೂ ಇರಲಿಲ್ಲ.

ಆಮೇಲೆ ಅಕ್ಟೋಬರಿನ ಬಿಸಿಲು ಬಂತು. ಪೆಟ್ಟಿಗೆಯ ತುಂಬ ನೀರಿದ್ದರೂ ಎಲೆಗಳು ಬಾಯಾರಿದವರಂತೆ ತಲೆ ಬಾಗಿಸಿದವು. ಮುಚ್ಚಳ ಎತ್ತಿದರೆ ಬೇರೆಲ್ಲ ಕಂದು. ಲೋಳೆ. ಮುಟ್ಟಿದರೆ ಸಿಪ್ಪೆ ಜಾರಿ ಒಳಗಿನ ನೂಲು ಮಾತ್ರ ಕೈಗೆ ಬರುತ್ತಿತ್ತು. ನೀರು ಚಹಾದಷ್ಟು ಬೆಚ್ಚಗಿತ್ತು. ನಾನು ಎಲ್ಲವನ್ನೂ ಎಸೆದು, ಬ್ಲೀಚಿಂಗ್ ಪೌಡರ್ ಹಾಕಿ ಪೆಟ್ಟಿಗೆ ಫಳಫಳ ಆಗುವ ತನಕ ತಿಕ್ಕಿ, ಹೊಸ ಗಿಡ ಇಟ್ಟೆ. ಹತ್ತೇ ದಿನಕ್ಕೆ ಮತ್ತೆ ಕಂದು. ಅತ್ತೆ ಮತ್ತೆ ಮೂರು ತುತ್ತಿಗೆ ಇಳಿದರು.

ಮಗಳು ಈ ಸಲ ಒಂದು ಪೊಟ್ಟಣ ತಂದಳು. ಒಳಗೆ ಮಾಸಲು ಬಣ್ಣದ ಪುಡಿ.

"ಅಜ್ಜಿ, ಇದರಲ್ಲಿ ಗುಡ್ ವಾಲಾ ಬ್ಯಾಕ್ಟೀರಿಯಾ ಇದೆ, ಫಂಗಸ್ ಭೀ ಇದೆ. ರೂಟ್ಸ್ ಮೇಲೆ ಹೋಗಿ ಕೂತ್ಕೊಳ್ತದೆ. ಫಿರ್ ಬ್ಯಾಡ್ ವಾಲಾಕ್ಕೆ ಜಾಗಾ ಹೀ ನಹೀ."

ಇವರು ಪೇಪರಿನ ಹಿಂದಿನಿಂದಲೇ, "ಸೀಟಿಗೆ ಕರ್ಚೀಫ್ ಹಾಕಿದ ಹಾಗೆ. ಆದ್ರೆ ಮೊದಲೇ ಹಾಕ್ಬೇಕು. ರೈಲಿನ ಡಬ್ಬಿ ತುಂಬಿದ ಮೇಲೆ ಕರ್ಚೀಫ್ ಎಸೆದ್ರೆ ಅದೂ ಹೋಯ್ತು, ಸೀಟೂ ಹೋಯ್ತು" ಎಂದರು.

"ಇಷ್ಟು ಸುತ್ತಿ ಬಳಸಿ ಹೇಳುದೆಂತಕ್ಕೆ?" ಎಂದರು ಅತ್ತೆ. "ಹೆಪ್ಪು ಹಾಕುದು ಅಂತ ಹೇಳಿದ್ರೆ ಆಯ್ತಲ್ಲ."

"ಎಕ್ಸಾಕ್ಟ್ಲಿ, ಅಜ್ಜಿ!" ಎಂದು ಮಗಳು ಅವರನ್ನು ತಬ್ಬಿಕೊಂಡಳು. ಆ ಒಂದು 'ಎಕ್ಸಾಕ್ಟ್ಲಿ' ನಮಗೆ ಬಹಳ ದುಬಾರಿಯಾಯಿತು.

ಹೊಸ ಗಿಡ ಇಟ್ಟು ಪುಡಿ ಹಾಕಿ ನಾಲ್ಕನೇ ದಿನ ಮನೆಯಲ್ಲಿ ವಾಸನೆ. ಕಸದ ಡಬ್ಬಿ ತೊಳೆದೆ. ಬಚ್ಚಲಿನ ಜಾಲರಿ ತೆಗೆದು ತಿಕ್ಕಿದೆ. ಫ್ರಿಜ್ ಖಾಲಿ ಮಾಡಿ ನೋಡಿದೆ. ಇವರ ಸಾಕ್ಸ್‌ಗಳನ್ನು ಸಂಶಯದಿಂದ ಹೊರಗೆ ಒಣಹಾಕಿದೆ. "ಮನೆಯಲ್ಲಿ ಎಂತ ನಾತ ಬಂದ್ರೂ ಮೊದಲು ನನ್ನ ಕಾಲೇ ಯಾಕೆ ನೆನಪಾಗ್ತದೆ ನಿನಗೆ?" ಎಂದು ಇವರು ಮುನಿಸಿಕೊಂಡರು. ಕೊನೆಗೆ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ನೀರಿನ ಮೇಲೆ ಬಿಳಿ ಚೂರುಗಳು ತೇಲುತ್ತಿದ್ದವು. ಅಂಚಿನಲ್ಲಿ ಕೆನೆಯಂಥದ್ದು ಕಟ್ಟಿಕೊಂಡಿತ್ತು.

ಅತ್ತೆ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದರು. "ಅದಾ? ಮೊನ್ನೆ ಬೆಳಿಗ್ಗೆ ನೋಡಿದೆ. ಎರಡು ದಿನ ಆದ್ರೂ ನೀರು ನೀರೇ ಉಂಟು, ಗಟ್ಟಿಯೇ ಆಗ್ಲಿಲ್ಲ. ಹೆಪ್ಪು ಸಾಕಾಗ್ಲಿಲ್ಲ ಅಂತ ಒಂದು ಸೌಟು ಮಜ್ಜಿಗೆ ಬಿಟ್ಟೆ. ನಿನ್ನ ಮಗಳಿಗೆ ಅಂಗಡಿಯವ ಹಳೇ ಹೆಪ್ಪು ಕೊಟ್ಟಿದ್ದಾನೆ."

"ಅಯ್ಯೋ ಅತ್ತೆ, ಅದು ಗಟ್ಟಿ ಆಗುದಲ್ಲ."

"ಗಟ್ಟಿ ಆಗದಿದ್ರೆ ಹೆಪ್ಪು ಹಿಡಿದದ್ದು ಗೊತ್ತಾಗುದು ಹೇಗೆ?"

ಮಗಳಿಗೆ ಫೋನು ಮಾಡಿದೆ. "ಅಜ್ಜಿ ನೇ ಛಾಸ್ ಡಾಲಾ? ಮಜ್ಜಿಗೆ?" ಎಂದು ಆಫೀಸಿನಲ್ಲೇ ಕೂಗಿದಳು. ಆಮೇಲೆ ಸುಮ್ಮನಿರದೆ, ಪೆಟ್ಟಿಗೆಗೆ ಯಾವ ನೀರು ಹಾಕಿದೆ ಎಂದು ನನ್ನ ವಿಚಾರಣೆಗೇ ಇಳಿದಳು. ಬೆಳಿಗ್ಗೆ ನಳದಲ್ಲಿ ಬಂದದ್ದನ್ನು ನೇರವಾಗಿ ಹಾಕಿದೆ, ಹಾಕುವ ಮೊದಲು ಬ್ಲೀಚಿಂಗ್ ಪೌಡರಿನಲ್ಲಿ ಪೆಟ್ಟಿಗೆ ತಿಕ್ಕಿದೆ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

"ಅಮ್ಮಾ! ನಳದ ನೀರಲ್ಲಿ ಕ್ಲೋರಿನ್ ಇರ್ತದೆ. ಮೇಲಿಂದ ಬ್ಲೀಚ್! ಅದು ಜರ್ಮ್ಸ್ ಕೊಲ್ಲೋದಕ್ಕೇ ಇರೋದು. ಗುಡ್ ವಾಲಾ ಯಾವುದು, ಬ್ಯಾಡ್ ವಾಲಾ ಯಾವುದು ಅಂತ ಅದಕ್ಕೆ ಕೈಸೆ ಗೊತ್ತಾಗ್ತದೆ?"

ಫೋನು ಸ್ಪೀಕರಿನಲ್ಲಿತ್ತು. ಅತ್ತೆ ಬತ್ತಿ ಕೆಳಗಿಟ್ಟು ನನ್ನತ್ತ ತಿರುಗಿದರು. "ಹಾಗಾದ್ರೆ ನಾನು ಮಜ್ಜಿಗೆ ಕೊಟ್ಟದ್ದು. ನೀನು ವಿಷವನ್ನೇ ಕೊಟ್ಟಿದ್ದಿ!" ಎಂದು ನಕ್ಕರು. ಜ್ವರ ಬಿಟ್ಟ ಮೇಲೆ ಅವರು ಹಲ್ಲು ಕಾಣುವ ಹಾಗೆ ನಕ್ಕದ್ದು ಅದೇ ಮೊದಲು. ಅತ್ತೆ ಸೊಸೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಬೈಸಿಕೊಂಡೆವು.

ಹನ್ನೆರಡರಲ್ಲಿ ಐದು ಗಿಡಗಳಿಗೆ ಮಾತ್ರ ಒಂದಿಷ್ಟು ಬಿಳಿ ಬೇರು ಉಳಿದಿತ್ತು. ಮಗಳ ಅಪ್ಪಣೆಯಂತೆ ಕಂದು ಬೇರನ್ನೆಲ್ಲ ಕತ್ತರಿಸಿದೆ. ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದಿಡೀ ದಿನ ಮುಚ್ಚದೆ ಇಟ್ಟು, ನಳದ ವಾಸನೆ ಹೋದ ಮೇಲೆ ಅದರಲ್ಲೇ ಪೆಟ್ಟಿಗೆ ತೊಳೆದು, ತುಂಬಿಸಿ, ಪುಡಿ ಹಾಕಿದೆ. ಗ್ರಿಲ್ಲಿನ ಬಿಸಿಲಿನಿಂದ ತೆಗೆದು ಅಡಿಗೆಮನೆಯ ಕಿಟಕಿಯ ಒಳಬದಿಗೆ ಇಟ್ಟೆವು. ಅತ್ತೆಯನ್ನೇ ಕಾವಲಿಗೆ ನೇಮಿಸಿದೆವು, ಮಜ್ಜಿಗೆ ತರದಿರುವ ಷರತ್ತಿನ ಮೇಲೆ.

ಕೆಲಸ ಹಿಡಿದ ಮೇಲೆ ಅವರು ನಮ್ಮೆಲ್ಲರಿಗಿಂತ ಬೇಗ ಕಲಿತರು. "ಇಡ್ಲಿ ಹಿಟ್ಟಿಗೆ ಬೆಚ್ಚಗೆ ಬೇಕು, ಇದಕ್ಕೆ ತಂಪು ಬೇಕು. ಮೊದಲೇ ಹೇಳಿದ್ರೆ ಆಗ್ತಿರ್ಲಿಲ್ವಾ?" ಎಂದು ತಮ್ಮ ಹಳೇ ಬಿಳಿ ಸೀರೆ ಒದ್ದೆ ಮಾಡಿ ಪೆಟ್ಟಿಗೆಗೆ ಸುತ್ತಿದರು; ದಿನಕ್ಕೆ ನಾಲ್ಕು ಸಲ ಮುಟ್ಟಿ ನೋಡಿದರು. ಪೆಟ್ಟಿಗೆಯ ಒಳಮೈಗೆ ತೆಳ್ಳಗೆ ಮಾಸಲು ಬಣ್ಣ ಹತ್ತಿದಾಗ ನನ್ನ ಕೈ ತಾನಾಗಿ ಬ್ರಶ್ಶಿನ ಕಡೆ ಹೋಯಿತು. "ಮುಟ್ಟಿದ್ರೆ ನೋಡು! ಅಲ್ಲಿ ಜನ ಕೂತಿದ್ದಾರೆ" ಎಂದು ಗದರಿದರು. ಬಚ್ಚಲನ್ನು ದಿನಾ ತಿಕ್ಕುವ ನನಗೆ ಆ ನಾಲ್ಕು ವಾರ ಸುಮ್ಮನಿದ್ದದ್ದು ಏಕಾದಶಿಯ ಉಪವಾಸಕ್ಕಿಂತ ಕಷ್ಟವಾಯಿತು.

ಆದರೆ ಗಿಡ ಕಾಯುವವರು ಊಟ ಮಾಡುತ್ತಿರಲಿಲ್ಲ. ಜಾರಿ ಬೀಳದಿರಲಿ ಎಂದು ಬಳೆಗೆ ನೂಲು ಸುತ್ತಿಕೊಟ್ಟೆ. ಒಂದು ದಿನ ಕೊತ್ತಂಬರಿ ಸೊಪ್ಪು ಅರೆದು ತಿಮರೆ ತಂಬುಳಿ ಎಂದು ಸುಳ್ಳು ಹೇಳಿ ಬಡಿಸಿದೆ. ಬಟ್ಟಲು ಬಾಯಿಯವರೆಗೂ ಹೋಗಲಿಲ್ಲ. "ನನ್ನ ನಾಲಿಗೆ ಹೋದದ್ದು, ಮೂಗು ಹೋಗ್ಲಿಲ್ಲ" ಎಂದರು. ಡಾಕ್ಟರು ಸೋಮವಾರ ಮತ್ತೆ ಕರೆದುಕೊಂಡು ಬನ್ನಿ, ತೂಕ ಇಳಿದಿದ್ದರೆ ಅವತ್ತೇ ಸೇರಿಸೋಣ ಎಂದಿದ್ದರು. ಸೋಮವಾರ ಎಂದರೆ ನಾಳೆ.

ಹಾಗಾಗಿ ಇವತ್ತು ಬೇರು ಬೆಳ್ಳಗಿರುವುದನ್ನು ಎರಡು ಸಲ ನೋಡಿದ ಮೇಲೆ, ಕಾಸಗಲದ ಎಲೆಗಳನ್ನು ಕೊಯ್ದೆ. ಒಂದು ಹಿಡಿ ಆಯಿತು. ಕಾಯಿ, ಜೀರಿಗೆ, ಎರಡು ಕಾಳುಮೆಣಸು ಹಾಕಿ ಅರೆದು ಮೊಸರಿಗೆ ಬೆರೆಸಿದೆ. ಬಡಿಸಿ ಎಲ್ಲರೂ ಬೇರೆ ಕಡೆ ನೋಡುವ ನಾಟಕ ಮಾಡಿದೆವು. ಮಗಳು ಮೊಬೈಲ್ ನೋಡಿದಳು. ಇವರು ಫ್ಯಾನು ನೋಡಿದರು, ಅದು ತಿರುಗುತ್ತಲೂ ಇರಲಿಲ್ಲ.

ಅತ್ತೆ ಮೊದಲ ಸಲದ ಅನ್ನ ಮುಗಿಸಿದರು. ಎರಡನೆಯದಕ್ಕೆ ಬಟ್ಟಲು ಮುಂದೆ ಮಾಡಿದರು. ಅದರ ನಡುವೆ ನಿಲ್ಲಿಸಿ, ನನ್ನನ್ನು ನೋಡಿ, "ಉಪ್ಪು ಕಮ್ಮಿ ಆಯ್ತು. ಈ ಮನೆಗೆ ಬಂದು ಇಷ್ಟು ವರ್ಷ ಆಯ್ತು, ನಿನಗೆ ಇನ್ನೂ ಉಪ್ಪಿನ ಅಂದಾಜು ಬರ್ಲಿಲ್ಲ" ಎಂದರು.

ಜ್ವರ ಬಂದಂದಿನಿಂದ ನನ್ನ ಅಡಿಗೆಯ ಉಪ್ಪುಹುಳಿಗೆ ಅವರು ಒಂದು ಕುಂದೂ ಹೇಳಿರಲಿಲ್ಲ. ನಾನು ಎದ್ದು ಉಪ್ಪಿನ ಡಬ್ಬಿಯನ್ನೇ ತಂದು ಅವರ ಬಟ್ಟಲ ಪಕ್ಕ ಇಟ್ಟೆ. ಮೂರನೆಯ ಸಲ ಅನ್ನ ಕೇಳಿದರು. ನಾಳೆಯ ತಕ್ಕಡಿಗೆ ನಾನು ಹೆದರುವುದಿಲ್ಲ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ತಂಬುಳಿ, ಅಲಸಂಡೆ ಪಲ್ಯ, ಸುಟ್ಟ ಹಲಸಿನ ಹಪ್ಪಳ. ತಂಬುಳಿ ನಮಗೆ ತಲಾ ಒಂದು ಚಮಚ ಸಿಕ್ಕಿತು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಅತ್ತೆ ಕಿಟಕಿಯ ಪಕ್ಕದ ಚಾಪೆಯಲ್ಲಿ ಬಾಯಿ ತೆರೆದು ನಿದ್ದೆಹೋಗಿದ್ದರು. ಅವರ ನಂತರ ಇವರೂ ನಿದ್ದೆಹೋದರು.